ಪ್ರಾಣಿಗಳ ಆಹಾರದ ವಿಷಯದಲ್ಲಿ ಎಚ್ಚರಿಕೆಯೂ ವದಂತಿಯೂ

ಮನೆಯ ನಾಯಿಯಾಗಲಿ, ಕೊಟ್ಟಿಗೆಯ ಹಸುವಾಗಲಿ, ಯಜಮಾನನು ಮುಂದಿಟ್ಟುದನ್ನು ನಂಬಿ ತಿನ್ನುತ್ತದೆ. ಆದಕಾರಣ ಆ ಆಹಾರದ ಗುಣದೋಷಗಳನ್ನು ವಿಚಾರಿಸುವ ಹೊಣೆಯು ಯಜಮಾನನದೇ ಆಗಿರುತ್ತದೆ. ಪೂರ್ವದಲ್ಲಿ ಈ ಆಹಾರವು ಬಹುಮಟ್ಟಿಗೆ ಮನೆಯಲ್ಲಿಯೂ ಹೊಲದಲ್ಲಿಯೂ ಒದಗುತ್ತಿತ್ತು. ಈಗಲಾದರೋ ನಾಯಿ ಬೆಕ್ಕುಗಳ ತಿನಿಸು, ಹಸುವಿನ ಹಿಂಡಿ, ಕೋಳಿಯ ಮೇವು ಇವೆಲ್ಲವೂ ದೂರದ ಕಾರ್ಖಾನೆಗಳಿಂದ ಚೀಲಗಳಲ್ಲಿ ಬರುತ್ತಲಿವೆ. ಚೀಲದೊಳಗಿನ ಪದಾರ್ಥದ ಮೂಲವು ಕೊಳ್ಳುವವನಿಗೆ ತಿಳಿಯದಾದುದರಿಂದ, “ಇಂಥ ಹಿಂಡಿಯಲ್ಲಿ ವಿಷವಿದೆಯಂತೆ”, “ಅಂಥ ತಿನಿಸಿನಿಂದ ನಾಯಿಗಳು ಸತ್ತವಂತೆ” ಎಂಬ ಮಾತುಗಳು ಸಂತೆಯಲ್ಲಿಯೂ ಮೊಬೈಲ್ ಮೂಲಕವಾಗಿಯೂ ಹಬ್ಬುತ್ತಿರುತ್ತವೆ. ಇವುಗಳಲ್ಲಿ ಕೆಲವು ನಿಜ, ಕೆಲವು ಸುಳ್ಳು. ಎಲ್ಲವನ್ನೂ ನಂಬುವವನೂ ಯಾವುದನ್ನೂ ನಂಬದವನೂ ಸಮನಾಗಿಯೇ ನಷ್ಟಕ್ಕೆ ಗುರಿಯಾಗುವರು.

ನಿಜವಾದ ಎಚ್ಚರಿಕೆಯ ಸ್ವರೂಪವನ್ನು ತಿಳಿಯುವುದಕ್ಕೆ ೨೦೦೭ನೆಯ ಇಸವಿಯಲ್ಲಿ ಅಮೆರಿಕಾ ದೇಶದಲ್ಲಿ ನಡೆದ ಸಂಗತಿಯು ಒಳ್ಳೆಯ ನಿದರ್ಶನವಾಗಿದೆ. ಆ ವರ್ಷ ಅಲ್ಲಿ ಬೆಕ್ಕುಗಳೂ ನಾಯಿಗಳೂ ಮೂತ್ರಪಿಂಡಗಳು ಕೆಟ್ಟು ಸಾಯತೊಡಗಿದವು. ತಿನಿಸನ್ನು ತಯಾರಿಸಿದವರು ತಾವೇ ನಡೆಸಿದ ಪರೀಕ್ಷೆಯಲ್ಲಿಯೂ ಬೆಕ್ಕುಗಳು ಸತ್ತವು. ಮಾರ್ಚಿ ತಿಂಗಳು ೧೬ನೆಯ ತಾರೀಖಿನಲ್ಲಿ ಸುಮಾರು ೬ ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಲಾಗುವುದೆಂದು ಪ್ರಕಟಿಸಲ್ಪಟ್ಟಿತು. ಆಗ ವಿಷವು ಯಾವುದೆಂಬುದು ಯಾರಿಗೂ ತಿಳಿದಿರಲಿಲ್ಲ. ಒಂದು ವಾರದ ಮೇಲೆ ನ್ಯೂಯಾರ್ಕ್ ಸಂಸ್ಥಾನದ ಅಧಿಕಾರಿಗಳು ಅದು ಅಮಿನೋಪ್ಟೆರಿನ್ ಎಂಬ ಇಲಿಪಾಷಾಣವೆಂದು ತಿಳಿಸಿದರು. ಇನ್ನೊಂದು ವಾರದಲ್ಲಿ ಕೇಂದ್ರದ ಆಹಾರ ಮತ್ತು ಔಷಧ ಇಲಾಖೆಯವರು ಅದನ್ನು ಕಾಣದೆ, ಮೆಲಮೈನ್ ಎಂಬ ಬೇರೊಂದು ವಸ್ತುವನ್ನು ಕಂಡುಹಿಡಿದರು. ಮೆಲಮೈನ್ ಒಂದೇ ಅಷ್ಟು ಉಗ್ರವಾದ ವಿಷವಲ್ಲ. ಅದರೊಡನೆ ಸಯನ್ಯೂರಿಕ್ ಆಮ್ಲವು ಸೇರಿದಾಗ ಕರಗದ ಹರಳುಗಳುಂಟಾಗಿ ಮೂತ್ರಪಿಂಡದ ನಾಳಗಳನ್ನು ಮುಚ್ಚಿಬಿಡುತ್ತವೆಂದು ಅನಂತರ ಸ್ಥಿರಪಟ್ಟಿತು.

ಪ್ಲಾಸ್ಟಿಕ್ ತಯಾರಿಕೆಯಲ್ಲಿ ಉಪಯೋಗಿಸುವ ಈ ವಸ್ತುವು ತಿನಿಸಿನೊಳಕ್ಕೆ ಹೇಗೆ ಬಂದಿತು? ಆಹಾರದ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು ೬.೨೫ರಿಂದ ಗುಣಿಸುವರು. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ ಇರುವುದು. ಚೀನಾ ದೇಶದಿಂದ ಗೋಧಿಯ ಗ್ಲೂಟೆನ್ ಎಂದು ಬಂದ ಸರಕು ಈ ವಸ್ತುವನ್ನು ಬೆರೆಸಿದ ಬರಿಯ ಗೋಧಿಹಿಟ್ಟಾಗಿತ್ತು. ನಮ್ಮ ರೈತರೂ ಈ ಲೆಕ್ಕವನ್ನು ಅರಿತಿರುವುದು ಮೇಲು. ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದರಿಂದ, ಅದನ್ನು ಕದ್ದು ಬೆರೆಸಿದ ಕಳಪೆ ಹಿಂಡಿಯೂ ಕಾಗದದ ಮೇಲೆ ಬಹು ಪುಷ್ಟಿಕರವಾಗಿ ತೋರುವುದು. ಶಾಸ್ತ್ರೋಕ್ತವಾದ ಅಲ್ಪ ಪ್ರಮಾಣದಲ್ಲಿ ದನಗಳಿಗೆ ಸಲ್ಲುವ ಯೂರಿಯಾವೇ ಪ್ರಮಾಣ ಮೀರಿದರೆ ಪ್ರಾಣವನ್ನು ತೆಗೆಯುವುದು.

ಹಿರಿಯರ ಬಾಯಿಮಾತುಗಳನ್ನೆಲ್ಲಾ ವದಂತಿಯೆಂದು ತಳ್ಳಿಹಾಕುವುದೂ ತಪ್ಪು. ಮಳೆ ಇಲ್ಲದೆ ಬಾಡಿದ ಎಳೆಯ ಜೋಳದ ಪೈರನ್ನೂ ಕೂಳೆಯ ಚಿಗುರನ್ನೂ ದನಗಳಿಗೆ ಮೇಯಿಸಬಾರದೆಂಬ ಮಾತನ್ನು ರಸಾಯನಶಾಸ್ತ್ರವು ಎತ್ತಿಹಿಡಿದಿದೆ. ಅವುಗಳಿಂದ ಹುಟ್ಟುವ ಹೈಡ್ರೋಸಯನಿಕ್ ಆಮ್ಲವು ಸ್ವಲ್ಪ ಹೊತ್ತಿನಲ್ಲಿಯೇ ದನವನ್ನು ಕೊಲ್ಲಬಲ್ಲುದು. ಬೂಷ್ಟು ಹಿಡಿದ ಹಿಂಡಿಯ ವಿಷಯವೂ ಹೀಗೆಯೇ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಕಾರಣ ಕಾಣದೆ ಅದನ್ನು ‘ಎಕ್ಸ್’ ರೋಗವೆಂದು ಕರೆದರು. ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ಆಮೇಲೆ ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷವು ಈಲಿಯನ್ನು ಕೆಡಿಸುವುದು. ಹಸುವಿನ ಹಾಲಿಗೂ ಇಳಿಯುವುದು. ಸಾಧಾರಣವಾಗಿ ಕುದಿಸಿದರೆ ಹೋಗುವುದಿಲ್ಲ.

ಇನ್ನು ಸುಳ್ಳು ಸುದ್ದಿಯ ಫಲವನ್ನು ನಮ್ಮ ನಾಡೇ ಅನುಭವಿಸಿದೆ. ೨೦೨೦ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ಕೋಳಿಮಾಂಸದಿಂದ ಕೊರೋನಾ ಜಾಡ್ಯವು ಹರಡುವುದೆಂಬ ಆಧಾರವಿಲ್ಲದ ಮಾತು ಎಲ್ಲೆಡೆಯೂ ಹಬ್ಬಿತು. ಕೋಳಿಯ ಬೆಲೆಯು ಸಾಕಿದ ಖರ್ಚಿಗೂ ಸಾಲದಷ್ಟು ಕುಸಿದು, ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿಯೇ ಗುಂಡಿಗೆ ಹಾಕಿ ಮುಚ್ಚಲಾಯಿತು. ವಿಷದಿಂದ ಸಾಯದ ಪ್ರಾಣಿಗಳು ಮಾತಿನಿಂದ ಸತ್ತವು.

ಹಾಗಾದರೆ ಇವೆರಡನ್ನು ವಿಂಗಡಿಸುವುದು ಹೇಗೆ? ನಿಜವಾದ ಎಚ್ಚರಿಕೆಯು ತನಗೆ ತಾನೇ ಎಲ್ಲೆಯನ್ನು ಹಾಕಿಕೊಳ್ಳುವುದು. ಯಾವ ತಿನಿಸು, ಯಾವ ದಿನ ತಯಾರಾದದ್ದು, ಚೀಲದ ಮೇಲಿನ ತಂಡದ ಸಂಖ್ಯೆ ಯಾವುದು, ಯಾವ ಪ್ರಾಣಿಯಲ್ಲಿ ಯಾವ ಲಕ್ಷಣ ಕಂಡಿತು, ಪರೀಕ್ಷಿಸಿದವರು ಯಾರು, ಕೊಂಡವನು ಈಗ ಏನು ಮಾಡತಕ್ಕದ್ದು ಎಂಬುದನ್ನು ಅದು ಹೇಳುವುದು, ತಿಳಿಯದ್ದನ್ನು ತಿಳಿಯದೆಂದೇ ಹೇಳುವುದು, ತಪ್ಪಿದ್ದರೆ ತಿದ್ದಿಕೊಳ್ಳುವುದು. ವಿಷದ ಹೆಸರು ಒಂದು ವಾರದಲ್ಲಿ ಬದಲಾಯಿತೆಂಬ ಕಾರಣದಿಂದ ೨೦೦೭ರ ಎಚ್ಚರಿಕೆಯು ಸುಳ್ಳಾಗಲಿಲ್ಲ. ವದಂತಿಗಾದರೋ ತಾರೀಖಿಲ್ಲ, ಊರಿಲ್ಲ, ಕೇಳಿ ತಿಳಿಯಲು ವಿಳಾಸವಿಲ್ಲ. “ಎಲ್ಲರಿಗೂ ತಿಳಿಸಿರಿ” ಎಂಬ ಅವಸರವೊಂದೇ ಅದರಲ್ಲಿ ಇರುವುದು.

ಆದರೆ ಪರೀಕ್ಷೆಯ ಫಲವು ಬರುವವರೆಗೆ ಪ್ರಾಣಿಯು ಕಾಯಲಾರದು. ಆದಕಾರಣ ತನ್ನ ಕೊಟ್ಟಿಗೆಯಲ್ಲಿ ಸಂಶಯವೇ ಸಾಕು, ಊರಿಗೆ ಸಾರುವುದಕ್ಕೆ ಸಾಕ್ಷ್ಯ ಬೇಕು ಎಂಬುದನ್ನು ಪ್ರತಿಯೊಬ್ಬನೂ ನಿಯಮವಾಗಿ ಇಟ್ಟುಕೊಳ್ಳತಕ್ಕದ್ದು. ಸಂಶಯ ಬಂದ ಕೂಡಲೆ ಆ ತಿನಿಸನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ಚೀಲವನ್ನು ಎಸೆಯದೆ, ಅದರ ಚೀಟಿಯನ್ನೂ ಕೊಂಡ ರಸೀತಿಯನ್ನೂ ಕಾದಿಟ್ಟು, ಚೀಲದ ನಾಲ್ಕಾರು ಕಡೆಗಳಿಂದ ತೆಗೆದ ಮಾದರಿಯನ್ನು ಒಣಗಿದ ಪಾತ್ರೆಯಲ್ಲಿ ಭದ್ರಪಡಿಸಬೇಕು. ಸತ್ತ ಪ್ರಾಣಿಯನ್ನು ಹೂಳುವುದಕ್ಕೆ ಮುಂಚೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಮಾದರಿಗಳನ್ನು ಕಳುಹಿಸಬೇಕಾದರೆ ವೈದ್ಯರ ಮೂಲಕವೇ ಕಳುಹಿಸುವುದು ಉತ್ತಮ.

ರೈತರಿಗೆ ಇಷ್ಟು ಹೇಳಿದ ಮೇಲೆ ಅಧಿಕಾರದಲ್ಲಿರುವವರಿಗೂ ವರ್ತಕರಿಗೂ ಒಂದು ಮಾತನ್ನು ಹೇಳದಿರುವುದು ನ್ಯಾಯವಲ್ಲ. ಜನರು ವದಂತಿಗೆ ಕಿವಿಗೊಡುವುದು ಬಹುಮಟ್ಟಿಗೆ ಬೇರೆ ಯಾರೂ ಮಾತನಾಡದಿರುವುದರಿಂದಲೇ. ಮಾದರಿಯ ಫಲಿತಾಂಶವು ಕಡತದಲ್ಲಿ ತಿಂಗಳುಗಟ್ಟಲೆ ಮಲಗಿದ್ದರೆ, ಅಥವಾ ಎಚ್ಚರಿಕೆಯು ರೈತನಿಗೆ ಅರ್ಥವಾಗದ ಭಾಷೆಯಲ್ಲಿ ಹೊರಟರೆ, ಆ ತೆರಪನ್ನು ಸುಳ್ಳು ತುಂಬಿಬಿಡುವುದು. ದೋಷವು ಕಂಡ ದಿನವೇ, ತಿಳಿಯಾದ ಕನ್ನಡದಲ್ಲಿ, ತಂಡದ ಸಂಖ್ಯೆಯೊಡನೆ ಗ್ರಾಮ ಪಂಚಾಯತಿಯ ಹಲಗೆಯ ಮೇಲೂ ಹಾಲಿನ ಸಂಘದ ಬಾಗಿಲಿನಲ್ಲೂ ಎಚ್ಚರಿಕೆಯನ್ನು ಅಂಟಿಸತಕ್ಕದ್ದು. ದೋಷವಿಲ್ಲವೆಂದು ತಿಳಿದರೆ ಅದನ್ನೂ ಅಷ್ಟೇ ಬೇಗ ಸಾರತಕ್ಕದ್ದು. ಹೀಗೆ ನಡೆದರೆ ಸಂತೆಯ ಮಾತನ್ನು ಕೇಳಿದ ರೈತನು ಮೊದಲು ಆ ಹಲಗೆಯ ಬಳಿಗೆ ಹೋಗಿ ನೋಡುವನು.