ಅತಿಭಾರವೆಂಬ ಅತಿಚಾರ

ತುಮರಿಯ ಮಳೆಗಾಲವನ್ನು ಬಲ್ಲವರಿಗೆ ಗೂಡಿನ ಮರಿಯ ಚಳಿಯನ್ನು ವಿವರಿಸಬೇಕಾಗಿಲ್ಲ. ಶರಾವತಿ ಹಿನ್ನೀರಿನ ಗಾಳಿಗೆ ನಾವೇ ಕಂಬಳಿ ಹೊದೆಯುತ್ತೇವೆ. ಗರಿಯಿಲ್ಲದೆ ಹುಟ್ಟುವ ಹಕ್ಕಿಮರಿಗಾದರೋ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿರದು. ತಾಯಿಯ ಒಡಲೇ ಅದರ ಹೊದಿಕೆ. ಗರಿ ಮೂಡಿ, ಅವುಗಳ ನಡುವೆ ಬೆಚ್ಚನೆಯ ಗಾಳಿ ನಿಂತ ಮೇಲೆಯೇ ಅದು ಸ್ವತಂತ್ರ.

ಹಕ್ಕಿಗಳ ಸಂಚಾರವನ್ನರಿಯಲು ವಿಜ್ಞಾನಿಗಳು ಅವುಗಳಿಗೆ ಗುರುತಿನ ಪಟ್ಟಿಯನ್ನೋ ಬೆನ್ನಿಗೆ ಪುಟ್ಟ ಯಂತ್ರವನ್ನೋ ಕಟ್ಟುತ್ತಾರೆ. ಅದರಿಂದ ಉಪಕಾರವೂ ಉಂಟು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ್ದ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡು, ಆ ದೂರದ ನಂಟನ್ನು ದೃಢಪಡಿಸಿದವು. ಯಂತ್ರದ ತೂಕವು ಹಕ್ಕಿಯ ತೂಕದ ಶೇ. 3ರಿಂದ 5ನ್ನು ಮೀರಬಾರದೆಂಬ ರೂಢಿಯೂ ಇದೆ. ಆದರೆ ತಕ್ಕಡಿ ಭಾರವನ್ನಷ್ಟೇ ಹೇಳುತ್ತದೆ. ಕಟ್ಟಿನಡಿ ಎಳೆಯ ಗರಿ ಸರಿದರೆ ಶಾಖ ಸೋರಬಹುದು, ಮಳೆನೀರು ಚರ್ಮಕ್ಕಿಳಿಯಬಹುದು. ಬೆಳವಣಿಗೆಗೆ ಒದಗಬೇಕಾದ ಆಹಾರ ಬೆಚ್ಚಗಿರುವುದಕ್ಕೇ ವ್ಯಯವಾಗಬಹುದು.

ಶ್ರಾವಕರ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧವೂ ಅತಿಭಾರಾರೋಪಣವೂ ಸೇರಿವೆ. ಹಿರಿಯರು ಇದನ್ನು ಗಾಡಿಯೆತ್ತಿನ ಸಂದರ್ಭದಲ್ಲಿ ನಮಗೆ ವಿವರಿಸುತ್ತಿದ್ದರು. ಹಕ್ಕಿಮರಿಗೂ ಅದೇ ನ್ಯಾಯ ಸಲ್ಲಬೇಡವೇ? ನೋಯಿಸುವ ಉದ್ದೇಶವಿರಲಿಲ್ಲ ಎಂದರೆ ಸಾಲದು. ಪ್ರಮಾದದಿಂದಾಗುವ ಪ್ರಾಣಪೀಡೆಯೂ ಹಿಂಸೆಯೇ.

ಅರಿವಿನ ಹಂಬಲವನ್ನು ಜೈನಧರ್ಮ ಎಂದೂ ತಡೆದಿಲ್ಲ. ಗರಿ ಬಲಿಯುವವರೆಗೆ ಕಾಯುವುದು, ಮಳೆ–ಚಳಿಯ ದಿನಗಳನ್ನು ಬಿಡುವುದು, ಕಾಲಾಂತರದಲ್ಲಿ ತಾನಾಗಿ ಕಳಚಿ ಬೀಳುವ ಕಟ್ಟನ್ನು ಬಳಸುವುದು, ಇವು ಸಂಶೋಧನೆಗೆ ಅಡ್ಡಿಯಲ್ಲ, ಯತ್ನಾಚಾರ. ಭಾರವೆಷ್ಟು ಎಂದು ಕೇಳುವ ಮುನ್ನ, ಹೊರುವ ಜೀವ ಬೆಚ್ಚಗಿದೆಯೇ ಎಂದು ಕೇಳೋಣ.