ಶಬ್ದದಿಂದ ರೋಗಾಣು ಸಂಹಾರ

ಕಾಪುವಿನ ದೀಪಸ್ತಂಭವು 1901ರಿಂದ ಕಡಲ ಮೇಲೆ ಬೆಳಕು ಬೀರುತ್ತಲಿರುವುದು. ಆ ಬೆಳಕು ಎಷ್ಟು ದೂರ ಹರಿದರೂ ನೀರಿನ ಆಳಕ್ಕೆ ಇಳಿಯದು. ಮಲ್ಪೆಯ ಯಂತ್ರದೋಣಿಗಳವರಾದರೋ ನೀರೊಳಕ್ಕೆ ಶಬ್ದತರಂಗಗಳನ್ನು ಕಳುಹಿ, ಮರಳಿ ಬರುವ ಪ್ರತಿಧ್ವನಿಯಿಂದ ಆಳದ ಮೀನಿನ ಹಿಂಡನ್ನು ಅರಿಯುವರು.

ಶರೀರದ ವಿಷಯವೂ ಹೀಗೆಯೇ. ಬೆಳಕು ಚರ್ಮದಿಂದ ಕೆಲವೇ ಮಿಲಿಮೀಟರು ಒಳಸೇರುವುದು. ಶಬ್ದವು ಬಹು ಆಳಕ್ಕೆ ಹೋಗಬಲ್ಲುದು. ಸೆಕೆಂಡಿಗೆ 20,000 ಕಂಪನಗಳಿಗೆ ಮಿಗಿಲಾದ ಶಬ್ದವು ನಮ್ಮ ಕಿವಿಗೆ ಕೇಳಿಸದು. ಗರ್ಭಿಣಿಯರ ಸ್ಕ್ಯಾನಿಂಗಿಗೆ ಬಳಸುವುದು ಇಂಥ ಶಬ್ದವನ್ನೇ. ಎಲುಬಿನೊಳಗೆ ಅಡಗಿದ ರೋಗಾಣುಗಳನ್ನು ಇದರಿಂದಲೇ ಕೊಲ್ಲಬಹುದೇ ಎಂದು ವಿಜ್ಞಾನಿಗಳು ಈಗ ಶೋಧಿಸುತ್ತಿರುವರು.

ಅದೆಂತೆಂದರೆ, ಚಿನ್ನ, ಟೈಟೇನಿಯಂ ಅಥವಾ ಸತುವಿನ ಆಕ್ಸೈಡು ಮುಂತಾದವುಗಳ ಅತಿ ಸೂಕ್ಷ್ಮ ಕಣಗಳನ್ನು ಸೋಂಕಿದ ಸ್ಥಳಕ್ಕೆ ಸೇರಿಸುವರು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೊಮೀಟರು. ಈ ಕಣಗಳ ಗಾತ್ರವು ಸಾಮಾನ್ಯವಾಗಿ 100 ನ್ಯಾನೊಮೀಟರಿನ ಒಳಗೆ. ಹೊರಗಿನಿಂದ ಶಬ್ದವು ತಾಕಿದಾಗ ದ್ರವದಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುವುವು. ಕಣಗಳು ಚೇತನಗೊಂಡು ಸುತ್ತಲಿನ ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸುವುವು. ಅದು ರೋಗಾಣುವಿನ ಪೊರೆಯನ್ನೂ ಒಳಗಿನ ಸತ್ತ್ವಗಳನ್ನೂ ಏಕಕಾಲದಲ್ಲಿ ಕೆಡಿಸುವುದು. ಒಂದು ಔಷಧಕ್ಕೆ ಬಾಗಿಲು ಹಾಕಿಕೊಳ್ಳಲು ಕಲಿತ ರೋಗಾಣುವಿಗೂ ಎಲ್ಲ ಕಡೆಯಿಂದ ಬೀಳುವ ಈ ಪೆಟ್ಟನ್ನು ತಡೆಯುವುದು ಕಷ್ಟ.

ಇಂಥ ಉಪಾಯದ ಅಗತ್ಯವೇನು? 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯನು 1945ರ ತನ್ನ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದಷ್ಟು ಔಷಧವನ್ನು ಸೇವಿಸಿದರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುವುವೆಂದು ಎಚ್ಚರಿಸಿದ್ದನು. ಆ ಮಾತು ನಿಜವಾಯಿತು. ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಲೋಕದಲ್ಲಿ ಸುಮಾರು 12.7 ಲಕ್ಷ ಜನರು ಮಡಿದರೆಂದು ತಜ್ಞರು ಅಂದಾಜು ಮಾಡಿರುವರು.

ಆದರೆ ವಾಚಕರು ಆತುರಪಡಬಾರದು. ಈ ಹೊಸ ಚಿಕಿತ್ಸೆಯು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ, ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಇರುವುದು. ಕೆಲಸ ಮುಗಿದ ಮೇಲೆ ಆ ಲೋಹಕಣಗಳು ಶರೀರದಲ್ಲಿ ಉಳಿದು ಕೇಡು ಮಾಡವೆಂಬುದು ಮೊದಲು ಸಿದ್ಧವಾಗಬೇಕು. ಮಣಿಪಾಲದಲ್ಲಾಗಲಿ ಕಾರ್ಕಳದಲ್ಲಾಗಲಿ ಮಾಡಿಸುವ ಸ್ಕ್ಯಾನಿಂಗು ಒಳಗನ್ನು ನೋಡುವುದಕ್ಕಷ್ಟೇ. ಅದರಿಂದ ರೋಗಾಣು ಸಾಯದು.

ಹೀಗಿರಲು ಕೈಯಲ್ಲಿರುವ ಔಷಧಗಳ ಬಲವನ್ನು ಕಾಪಾಡುವುದೇ ಗೃಹಸ್ಥರ ಧರ್ಮ. ಸಾಲ, ಬೆಂಕಿ, ರೋಗ ಇವುಗಳ ಶೇಷವನ್ನು ಉಳಿಸಬಾರದೆಂದು ಹಿರಿಯರು ಹೇಳುವರು. ಸಾಧಾರಣ ನೆಗಡಿಗೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿರಿ. ವೈದ್ಯರು ಕೊಟ್ಟಾಗ, ಜ್ವರ ಇಳಿಯಿತೆಂದು ನಡುವೆ ಬಿಡದೆ, ಅವರು ಹೇಳಿದಷ್ಟು ದಿನ ಸೇವಿಸಿರಿ. ಉಳಿದ ಗುಳಿಗೆಯನ್ನು ನೆರೆಮನೆಯ ಮಗುವಿಗೆ ಕೊಡಬೇಡಿರಿ.