ಮೇರಿ ಜೇನಳ ಕಣ್ಸನ್ನೆ

ಚಲಚ್ಚಿತ್ರದ ಶೈಶವಕಾಲದ ಹಾಸ್ಯವೆಲ್ಲವೂ ಬರಿಯ ಕೋಡಂಗಿಯಾಟವೆಂದು ಮೂಗುಮುರಿಯುವವರು ಒಂದು ಕಡೆ. ಯಾವ ತಂತ್ರವನ್ನು ಯಾರು ಮೊತ್ತಮೊದಲು ಬಳಸಿದರೆಂದು ಎಣಿಸುವುದರಲ್ಲಿಯೇ ತೃಪ್ತರಾಗುವ ಪಂಡಿತರು ಇನ್ನೊಂದು ಕಡೆ. ಈ ಇಬ್ಬರ ನಡುವೆ ಸಿಕ್ಕಿ ಸೊರಗಿರುವ ಕೃತಿಗಳಲ್ಲಿ, ಇಂಗ್ಲೆಂಡಿನ ಹೋವ್ ಪಟ್ಟಣದ ಜಾರ್ಜ್ ಆಲ್ಬರ್ಟ್ ಸ್ಮಿತ್ ಮಹಾಶಯನು 1903ರಲ್ಲಿ ರಚಿಸಿದ ‘ಮೇರಿ ಜೇನ್ಸ್ ಮಿಸ್‌ಹ್ಯಾಪ್’ ಎಂಬ ಮೂಕಚಿತ್ರವೂ ಒಂದು.

ಕಥೆಯೇನೋ ಅತ್ಯಲ್ಪ. ಮನೆಗೆಲಸದ ಮೇರಿ ಜೇನ್ ಆಕಳಿಸುತ್ತ ಅಡುಗೆಮನೆಗೆ ಬರುವಳು. ಬೂಟ್ಸುಗಳನ್ನು ಉಜ್ಜುವಾಗ ಮುಖಕ್ಕೆ ಮಸಿ ಹತ್ತಿ ಮೀಸೆ ಮೂಡುವುದು. ಒಲೆ ಹೊತ್ತದಿರಲು ಸೀಮೆಎಣ್ಣೆ ಸುರಿಯುವಳು. ಸ್ಫೋಟವಾಗಿ ಹೊಗೆಗೂಡಿನ ಮೂಲಕ ಆಕಾಶಕ್ಕೆ ಹಾರುವಳು. ಇಷ್ಟನ್ನೇ ದೂರದಿಂದ ತೋರಿಸಿದ್ದರೆ ಮೂಗುಮುರಿಯುವವರ ಮಾತು ನಿಜವಾಗುತ್ತಿತ್ತು.

ಆದರೆ ಸ್ಮಿತ್ ಮಹಾಶಯನು ಹಾಗೆ ಮಾಡಲಿಲ್ಲ. ಇಡೀ ಅಡುಗೆಮನೆಯನ್ನು ತೋರಿದ ಬಿಂಬಗ್ರಾಹಕವನ್ನು ಆಕೆಯ ಬಳಿಗೆ ಒಯ್ದು, ಎದೆಯಿಂದ ಮೇಲಿನ ರೂಪವನ್ನು ಪಟದ ತುಂಬ ನಿಲ್ಲಿಸಿದನು. ಮತ್ತೆ ದೂರ ಸರಿದನು, ಮತ್ತೆ ಸಮೀಪಿಸಿದನು. ಇದರ ಫಲವೇನು? ಆಕೆ ನೇರವಾಗಿ ನಮ್ಮತ್ತ ನೋಡಿ ಕಣ್ಣು ಮಿಟುಕಿಸುವಳು! ಆ ಕ್ಷಣದಿಂದ ಆಕೆ ನಮ್ಮ ನಗೆಗೆ ಗುರಿಯಲ್ಲ, ನಗೆಯಲ್ಲಿ ಪಾಲುಗಾರಳು. ಬಡ ಸೇವಕಿಯ ದಡ್ಡತನವನ್ನು ಯಜಮಾನರು ಕುರ್ಚಿಯಲ್ಲಿ ಕುಳಿತು ಹಾಸ್ಯಮಾಡುವ ಚಿತ್ರವಿದೆಂಬ ಆಕ್ಷೇಪಣೆಯು ಇಲ್ಲಿಯೇ ಬಿದ್ದುಹೋಗುವುದು. ಹತ್ತಿರದ ನೋಟವು ಮೊದಲನೆಯದೋ ಹತ್ತನೆಯದೋ ಎಂಬ ಲೆಕ್ಕದಿಂದ ಈ ರಹಸ್ಯವು ತಿಳಿಯದು. 1900ರಲ್ಲಿಯೇ ಆತನು ಅಜ್ಜಿಯ ಭೂತಗನ್ನಡಿಯ ನೆಪದಿಂದ ವಸ್ತುಗಳನ್ನು ದೊಡ್ಡದಾಗಿ ತೋರಿಸಿದ್ದನು. ಈ ಚಿತ್ರದಲ್ಲಿ ಆ ನೆಪವೂ ಬೇಕಾಗಲಿಲ್ಲ.

ಮುಖ್ಯಪಾತ್ರವನ್ನು ವಹಿಸಿದವಳು ಆತನ ಪತ್ನಿ ಲಾರಾ ಬೇಲಿ. ರಂಗಭೂಮಿಯಲ್ಲಿ ವಿನೋದಪಾತ್ರಗಳನ್ನು ಅಭಿನಯಿಸಿ ಪಳಗಿದ್ದ ಈಕೆಯ ಮುಖವಿಲ್ಲದಿದ್ದರೆ ಬಿಂಬಗ್ರಾಹಕವು ಎಷ್ಟು ಹತ್ತಿರ ಹೋದರೇನು? ನಿರ್ದೇಶಕನನ್ನು ಕೊಂಡಾಡುವ ಗ್ರಂಥಕಾರರು ಈಕೆಗೆ ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ಅನ್ಯಾಯವೇ ಸರಿ.

ಕೊನೆಗೆ ಸ್ಮಶಾನ. ಸ್ಮಿತ್ ಮಹಾಶಯನು ಪೂರ್ವದಲ್ಲಿ ಸಮ್ಮೋಹನವಿದ್ಯೆಯ ಪ್ರದರ್ಶನಗಳಿಂದ ಜನರನ್ನು ಬೆರಗುಗೊಳಿಸಿದವನು. ಒಂದರ ಮೇಲೊಂದು ಬಿಂಬವನ್ನು ಮೂಡಿಸಿ ಪಿಶಾಚವನ್ನು ತೋರುವುದು ಆತನಿಗೆ ಕರತಲಾಮಲಕ. ಆದರೂ ಗೋರಿಯಿಂದೇಳುವ ಮೇರಿ ಜೇನ್ ಮುಯ್ಯಿ ತೀರಿಸಿಕೊಳ್ಳಲು ಬಂದವಳಲ್ಲ. ನೋಡಲು ಬಂದವರು ದಿಕ್ಕಾಪಾಲಾಗಿ ಓಡುತ್ತಿರುವಾಗ, ಆಕೆ ತನ್ನ ಸೀಮೆಎಣ್ಣೆಯ ಡಬ್ಬಿಯನ್ನು ಕೈಗೆತ್ತಿಕೊಂಡು ಗೋರಿಗೆ ಹಿಂದಿರುಗುವಳು.